ಕಲ್ಲು ಕಂಬ ಎಳೆಯುವ ಗಾಡಿಯ ಕ್ಲಚ್ಚು

ಸಿಂಧು, ಚಿಕ್ಕಬಳ್ಳಾಪುರದ ಪಿಕಪ್ ಶೋರೂಮಿನ ಬಿಡಿಭಾಗಗಳ ಕೌಂಟರಿನಲ್ಲಿ ನಿನಗೆ ಕೆಲಸ ಸಿಕ್ಕಿತು ಎಂದು ಗೊತ್ತಾದ ದಿನ ಮನೆಯಲ್ಲಿ ಎಲ್ಲರೂ ನಿನಗೆ ಬುದ್ಧಿ ಹೇಳಿದರು. ಸ್ಕೂಟರಿನ ಪಂಚರ್ ಕೂಡ ಗುರುತಿಸಲು ಬಾರದ ನಿನ್ನ ಚಿಕ್ಕಪ್ಪ ಅರ್ಧ ಗಂಟೆ ಹೇಳಿದ. ಆ ಕೆಲಸವನ್ನು ಇಪ್ಪತ್ತಾರು ವರ್ಷ ಮಾಡಿದ ನಿನ್ನ ಅಜ್ಜಿ ನಾನು ಒಬ್ಬಳೇ ಬಾಯಿ ಬಿಡಲಿಲ್ಲ. ನಾಲ್ಕು ಜನರ ಮುಂದೆ ನನಗೆ ಮಾತು ಬರುವುದಿಲ್ಲ, ನಿಮಗೆಲ್ಲ ಗೊತ್ತಿರುವುದೇ. ಗೌರಿಬಿದನೂರು ಕಡೆಯ ನಮ್ಮೂರ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದೆ. ಅಷ್ಟೂ ವರ್ಷ ಹಾಜರಿ ಕರೆಯುವಾಗಲೂ ನನ್ನ ಪರವಾಗಿ ಪಕ್ಕದ ಹುಡುಗಿಯೇ "ಬಂದವ್ಳೆ ಸಾರ್" ಅನ್ನುತ್ತಿದ್ದಳು. ಆದರೆ ಅಕ್ಷರ ದುಂಡಗೆ ಬರುತ್ತಿತ್ತು. ಹಾಗಾಗಿ ಹೇಳುವುದನ್ನು ಬರೆದೇ ಕೊಡುತ್ತಿದ್ದೇನೆ. ನೀನೂ ಓದು, ನಿನ್ನ ತಮ್ಮನಿಗೂ ಕೊಡು.

ಚಿಂತಾಮಣಿಯಲ್ಲಿ ಬಾಷಾ ಸಾಬರ ಕ್ಲಚ್ ಅಂಗಡಿಯಲ್ಲಿ ನಿಮ್ಮ ತಾತ ಕೆಲಸಕ್ಕಿದ್ದರು. ಕ್ಲಚ್ ಪ್ಲೇಟು ಎಂದರೆ ನಮ್ಮ ಅಡುಗೆಮನೆಯಲ್ಲಿ ಬಿಸಿ ಪಾತ್ರೆ ಇಡುವ ಕಪ್ಪು ಕಬ್ಬಿಣದ ಚಕ್ರವಿದೆಯಲ್ಲ, ಅಂಥದ್ದೇ. ಅದರ ಎರಡು ಮುಖಕ್ಕೂ ಲೈನಿಂಗ್ ಎಂಬ ಗಟ್ಟಿ ಪಟ್ಟಿ ಇರುತ್ತದೆ. ಎಂಜಿನ್ನು ತಿರುಗುವುದನ್ನು ಗೇರಿಗೆ ಮುಟ್ಟಿಸುವುದು ಆ ಪಟ್ಟಿಯೇ. ಕಾಲಲ್ಲಿ ಪೆಡಲು ತುಳಿದರೆ ಹಿಡಿತ ಬಿಡುತ್ತದೆ, ಕಾಲು ತೆಗೆದರೆ ಹಿಡಿಯುತ್ತದೆ. ಅರ್ಧ ತುಳಿದು ಅರ್ಧ ಬಿಟ್ಟರೆ ಉಜ್ಜಿಕೊಂಡು ಸುಡುತ್ತದೆ. ಆಗ ಸವೆದ ಪ್ಲೇಟನ್ನು ಯಾರೂ ಎಸೆಯುತ್ತಿರಲಿಲ್ಲ. ಹಳೇ ಲೈನಿಂಗ್ ಕಿತ್ತು ಹೊಸದನ್ನು ಕೂರಿಸಿ ರಿವಿಟ್ ಹೊಡೆದು ಕೊಡುವುದೇ ನಿಮ್ಮ ತಾತನ ಕೆಲಸ. ಅವರು ಹೋದ ಮೇಲೆ, ತಿಥಿ ಮುಗಿದ ವಾರಕ್ಕೆ ಬಾಷಾ ಸಾಬರು ಮನೆಗೆ ಬಂದರು. ಜಗಲಿಯ ಮೇಲೆ ಕೂತು, ನನ್ನ ಕಡೆ ನೋಡದೆ ಬೀದಿಯ ಕಡೆ ನೋಡುತ್ತಾ, "ರತ್ನಮ್ಮ, ಅವನ ಸ್ಟೂಲು ಖಾಲಿ ಇದೆ" ಎಂದರು. ಅಷ್ಟೇ. ಮಾರನೆಯ ದಿನ ಹೋಗಿ ಆ ಸ್ಟೂಲಿನ ಮೇಲೆ ಕೂತೆ.

ಅದು ಅಂಗಡಿಯ ಒಳಮೂಲೆ. ಗೋಣಿಪರದೆಯ ಹಿಂದೆ ಒಂದು ಕೈಪ್ರೆಸ್ಸು, ಒಂದು ಡಬ್ಬಿ ತಾಮ್ರದ ರಿವಿಟ್ಟು, ನಾನು. ಯಾರೊಡನೆಯೂ ಮಾತಾಡಬೇಕಿರಲಿಲ್ಲ. ನನಗೆ ಸ್ವರ್ಗವೇ ಸಿಕ್ಕಂತಾಗಿತ್ತು. ಮೊದಲ ತಿಂಗಳು ನಾನು ಹೊಡೆದ ರಿವಿಟ್ಟುಗಳ ತಲೆ ಪೂರ್ತಿ ಕೆಳಗೆ ಇಳಿದಿರಲಿಲ್ಲ. ಅವು ಲೈನಿಂಗಿನ ಮೇಲೆ ಮೊಡವೆಯ ಹಾಗೆ ಎದ್ದು ನಿಂತು, ಮೂರು ಗಾಡಿಗಳಲ್ಲಿ ಪ್ಲೇಟು ಒತ್ತಿ ಕೂರುವ ಎಂಜಿನ್ನಿನ ಚಕ್ರದ, ಅಂದರೆ ಫ್ಲೈವೀಲಿನ, ಮೇಲೆ ಉಳುಮೆ ಮಾಡಿದವು. ಬಾಷಾ ಸಾಬರು ಬೈಯಲಿಲ್ಲ. ಒಂದು ಫ್ಲೈವೀಲನ್ನು ತಂದು ನನ್ನ ಮಡಿಲಲ್ಲಿಟ್ಟು, "ಇದರಲ್ಲಿ ಈಗ ರಾಗಿ ಬಿತ್ತಬಹುದು" ಎಂದು ಹೋದರು. ಅದರ ತೂಕಕ್ಕೆ ತೊಡೆ ಎರಡು ದಿನ ನೋಯಿತು. ಆಮೇಲೆ ಒಂದು ರಿವಿಟ್ಟೂ ತಲೆ ಎತ್ತಲಿಲ್ಲ.

ಕೆಲವು ವರ್ಷಗಳಲ್ಲಿ ರಿವಿಟ್ ಹೊಡೆಯುವ ಕೆಲಸ ಕಡಿಮೆಯಾಯಿತು. ಪ್ಲೇಟು, ಅದನ್ನು ಒತ್ತಿಹಿಡಿಯುವ ಕವರು, ಬೇರಿಂಗು ಮೂರೂ ಒಂದೇ ಡಬ್ಬದಲ್ಲಿ ಹೊಸದಾಗಿ ಬರತೊಡಗಿದವು. ಸಾಬರು ನನ್ನನ್ನು ಕೌಂಟರಿಗೆ ಬಾ ಎಂದರು. ನಾನು ಒಲ್ಲೆ ಎಂದೆ. ನಾಚಿಕೆ ಒಂದು ಕಡೆ ಇರಲಿ, ಬೆಳಗ್ಗೆ ಬೋಣಿಯ ಹೊತ್ತಿಗೆ ಕೌಂಟರಿನಲ್ಲಿ ಹಣೆ ಬರಿದಾದವಳು ನಿಂತಿದ್ದರೆ ಡ್ರೈವರುಗಳು ವಾಪಸು ಹೋಗುತ್ತಾರೆ ಎಂಬ ಭಯ. ಅದು ಸುಳ್ಳು ಭಯವೂ ಅಲ್ಲ. ಮೊದಲ ದಿನವೇ ಒಬ್ಬ ಲಾರಿಯವನು ಮೆಟ್ಟಿಲ ತನಕ ಬಂದು, ನನ್ನನ್ನು ನೋಡಿ, ಚಪ್ಪಲಿ ಮರೆತವನ ಹಾಗೆ ಹಿಂದಕ್ಕೆ ತಿರುಗಿದ. ಬಾಷಾ ಸಾಬರು ಕೂಗಿ ಕೇಳಿದರು: "ಯಾಕಪ್ಪ, ಕ್ಲಚ್ಚು ಬೇಡ್ವಾ? ಇಲ್ಲಿ ಹುಡುಗಿ ತೋರಿಸ್ತಿಲ್ಲ, ಪ್ಲೇಟು ತೋರಿಸ್ತಿದೀವಿ." ಅವನು ನಾಚಿಕೊಂಡು ಬಂದು ಪ್ಲೇಟು ಕೊಂಡ. ಅದು ಎರಡು ವರ್ಷ ಬಾಳಿತು. ಆಮೇಲೆ ಅವನು ಬೋಣಿಗೇ ಬರುತ್ತಿದ್ದ.

ನಮ್ಮ ಅಂಗಡಿಗೊಂದು ಕಾನೂನಿತ್ತು. ಹಳೇ ಪ್ಲೇಟು ತಂದು ಕೌಂಟರಿನ ಮೇಲಿಡದೆ ಹೊಸದು ಕೊಡುತ್ತಿರಲಿಲ್ಲ. ಡ್ರೈವರು ಸುಳ್ಳು ಹೇಳುತ್ತಾನೆ, ಪ್ಲೇಟು ಹೇಳುವುದಿಲ್ಲ ಎಂದು ಸಾಬರ ನಂಬಿಕೆ. "ನಾನು ಕ್ಲಚ್ಚಿನ ಮೇಲೆ ಕಾಲೇ ಇಡಲ್ಲ" ಎಂದು ಆಣೆ ಮಾಡಿದವನ ಪ್ಲೇಟು ನೋಡಿದರೆ ಕನ್ನಡಿಯ ಹಾಗೆ ಹೊಳೆಯುತ್ತಿರುತ್ತದೆ. ಕಾಲು ಇಟ್ಟೇ ಮಲಗಿದ್ದಾನೆ ಎಂದು ಅರ್ಥ. ಮಧ್ಯದ ಸ್ಪ್ರಿಂಗುಗಳು ಸಡಿಲಾಗಿ ಗಲಗಲ ಅಂದರೆ ಅಳತೆ ಮೀರಿ ಭಾರ ಎಳೆದಿದ್ದಾನೆ. ಎಣ್ಣೆ ಜಿನುಗಿದ್ದರೆ ತಪ್ಪು ಎಣ್ಣೆ ತಡೆಯುವ ಸೀಲಿನದು, ಪ್ಲೇಟಿನದಲ್ಲ. ಸುಟ್ಟ ವಾಸನೆ ಹೇಗಿದೆ ಎಂದು ಮೂಗಿಗೆ ಹಿಡಿದು ನೋಡಬೇಕು. ನಾನು ಹಾಗೆ ಮೂಸಿ ನೋಡುವಾಗ ಹೊಸಬರು ನಗುತ್ತಿದ್ದರು, ಹಳಬರು ತೀರ್ಪಿಗೆ ಕಾಯುತ್ತಿದ್ದರು.

ನನ್ನ ತಪ್ಪುಗಳನ್ನೂ ಹೇಳಬೇಕಲ್ಲ. ಒಮ್ಮೆ ಗೌರಿಬಿದನೂರಿನ ಮೆಕ್ಯಾನಿಕ್ ಒಬ್ಬನಿಗೆ ಅಗಲ ಸರಿಯಾಗಿ ಅಳೆದು ಪ್ಲೇಟು ಕೊಟ್ಟೆ, ಒಳಗಿನ ತೂತಿನ ಹಲ್ಲು ಎಣಿಸಲು ಮರೆತೆ. ಅವನು ಇಡೀ ಗೇರ್ ಬಾಕ್ಸು ಇಳಿಸಿ, ಕೂರಿಸಲು ಹೋದರೆ ಶಾಫ್ಟಿಗೆ ಹೋಗುತ್ತಿಲ್ಲ. ಆ ಪ್ಲೇಟು ಹಿಡಿದುಕೊಂಡೇ ಬಸ್ಸು ಹತ್ತಿ ಬಂದ. ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡು ಬಂದಿದ್ದನಂತೆ. ಕೌಂಟರಿನಲ್ಲಿ ಹೆಂಗಸು ಕಂಡು ಅಷ್ಟೂ ವ್ಯರ್ಥವಾಯಿತು. "ಅಮ್ಮ, ಹಲ್ಲು ಎಣಿಸ್ಬೇಕಲ್ವಾ?" ಎಂದಷ್ಟೇ ಹೇಳಿ, ಉಳಿದದ್ದನ್ನು ಹೊರಗೆ ಹೋಗಿ ಕಂಬಕ್ಕೆ ಹೇಳಿದ. ನೀನು ಕಂಪ್ಯೂಟರಿನಲ್ಲಿ ನಂಬರು ಒತ್ತಿ ಕೊಡುತ್ತೀಯ, ಸರಿ. ಆದರೂ ಹಲ್ಲು ಎಣಿಸು ಮಗಳೇ.

ಈಗ ಮುಖ್ಯವಾದ ವಿಷಯಕ್ಕೆ ಬರುತ್ತೇನೆ. ನಾನು ಕೌಂಟರು ಕಳೆದುಕೊಳ್ಳುವುದರಲ್ಲಿದ್ದ ಕಥೆ ಇದು.

ಸಾಬರಿಗೆ ಮಂಡಿನೋವು ಬಂದು, ಮಗ ರಫೀಕ್ ಅಂಗಡಿ ನೋಡಿಕೊಳ್ಳಲು ಶುರುಮಾಡಿದ ಕಾಲ. ರಫೀಕ್ ಒಳ್ಳೆಯವನೇ. ಅಂಗಡಿಗೆ ಕಂಪ್ಯೂಟರು ತಂದವನು, ನನಗೆ ಫ್ಯಾನು ಹಾಕಿಸಿದವನು ಅವನೇ. ಆದರೆ ಪ್ಲೇಟು ಮೂಸುವುದನ್ನು ಕಂಡರೆ ಅವನಿಗೆ ಅವಮಾನ. ಮಾತಾಡದ ನಾನು ಕೌಂಟರಿಗೆ ಲಾಯಕ್ಕಲ್ಲ, ನಗುನಗುತ್ತಾ ನಾಲ್ಕು ಮಾತಾಡುವವರು ಬೇಕು ಎಂದು ತಂದೆಯೊಡನೆ ಎರಡು ಸಲ ಹೇಳಿದ್ದ. ಎರಡು ಸಲವೂ ನನಗೆ ಕೇಳುವಂತೆಯೇ ಹೇಳಿದ್ದ.

ಆಗ ಬಂದವನು ಗೋವಿಂದಪ್ಪ. ಶಿಡ್ಲಘಟ್ಟ ದಾರಿಯ ಹಳ್ಳಿಯವನು, ಡೀಸೆಲ್ ಪಿಕಪ್ಪು ಇಟ್ಟಿದ್ದ. ರೈತರ ಮನೆಯಿಂದ ರೇಷ್ಮೆಗೂಡು ತುಂಬಿಕೊಂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಮುಟ್ಟಿಸುವುದು ಅವನ ಕಸುಬು. ಕ್ಲಚ್ಚು ಸುಟ್ಟುಕೊಂಡು ಬಂದಿದ್ದ. ಗೂಡು ಹತ್ತಿಯಷ್ಟು ಹಗುರ, ಅದಕ್ಕೆ ಕ್ಲಚ್ಚು ಸುಡುವುದು ಹೇಗೆ ಎಂದು ರಫೀಕ್ ಕೇಳಿದ. ಗೋವಿಂದಪ್ಪ, ಗೂಡು ಇಲ್ಲದ ದಿನ ಹಿಂದೆ ಟ್ರಾಲಿ ಕಟ್ಟಿಕೊಂಡು ದ್ರಾಕ್ಷಿ ಚಪ್ಪರಕ್ಕೆ ಕಲ್ಲು ಕಂಬ ಎಳೆಯುತ್ತೇನೆ ಎಂದ.

ನಾನು ಪ್ಲೇಟು ಕೈಗೆ ತೆಗೆದುಕೊಂಡೆ. ಲೈನಿಂಗು ಇದ್ದಿಲಾಗಿತ್ತು. ಕವರಿನ ಮುಖ ಅತಿ ಬಿಸಿಗೆ ನವಿಲಿನ ಕುತ್ತಿಗೆಯ ಹಾಗೆ ನೀಲಿ. ಆದರೆ ಮಧ್ಯದ ಸ್ಪ್ರಿಂಗುಗಳು ಹೊಸದರ ಹಾಗೆ ಬಿಗಿಯಾಗಿದ್ದವು. ಕಲ್ಲು ಎಳೆದ ಪ್ಲೇಟಿನಲ್ಲಿ ಮೊದಲು ಸಡಿಲಾಗುವುದೇ ಅವು. ಇದನ್ನು ಕಂಡೆ, ಕಂಡೂ ಸುಮ್ಮನಿದ್ದೆ. ಅವನ ಮುಖದ ಮೇಲೆ ನೀನು ಸುಳ್ಳು ಹೇಳುತ್ತಿದ್ದೀಯ ಅನ್ನುವ ಧೈರ್ಯ ನನಗಿರಲಿಲ್ಲ. ಕಂಪನಿಯ ಮಾಮೂಲಿ ಸೆಟ್ಟು ಕೊಟ್ಟು ಕಳಿಸಿದೆ.

ಒಂದೂವರೆ ತಿಂಗಳಿಗೆ ಅದನ್ನೂ ಸುಟ್ಟುಕೊಂಡು ಬಂದ.

ಕಲ್ಲು ಎಳೆಯುವುದೇ ನಿಜವಿರಬೇಕು ಎಂದು ಮನಸ್ಸಿಗೆ ಒಪ್ಪಿಸಿಕೊಂಡು, ಲೈನಿಂಗಿನ ಬದಲು ತಾಮ್ರದ ಬಣ್ಣದ ಗಟ್ಟಿ ಬಿಲ್ಲೆಗಳಿರುವ ಪ್ಲೇಟು ಕೊಟ್ಟೆ. ಟ್ರ್ಯಾಕ್ಟರಿಗೆ ಬರುತ್ತದಲ್ಲ, ಆ ಜಾತಿಯದು. ಎಷ್ಟು ಬಿಸಿಯಾದರೂ ಜಪ್ಪಯ್ಯ ಅನ್ನುವುದಿಲ್ಲ. ಆದರೆ ಮೆತ್ತಗೆ ಹಿಡಿಯುವುದು ಅದಕ್ಕೆ ಗೊತ್ತಿಲ್ಲ. ಬಿಟ್ಟರೆ ಬಿಟ್ಟಿತು, ಹಿಡಿದರೆ ಕಪಾಳಕ್ಕೆ ಹೊಡೆದ ಹಾಗೆ ಹಿಡಿಯುತ್ತದೆ. ಹತ್ತು ದಿನಕ್ಕೆ ಗೋವಿಂದಪ್ಪ ಬೆವರುತ್ತಾ ಬಂದ.

"ಅಕ್ಕ, ಇದನ್ನ ತೆಗೆದುಬಿಡಿ. ಗಾಡಿ ಎಗರುತ್ತೆ."

"ಕಲ್ಲಿಗೇನಾಗುತ್ತಪ್ಪ ಎಗರಿದ್ರೆ?" ಎಂದ ರಫೀಕ್.

"ಮುಂದಕ್ಕೆ ಬಗ್ಗುತ್ತೆ ಅಣ್ಣ."

"ಕಲ್ಲಾ?"

ಗೋವಿಂದಪ್ಪ ಟವೆಲಿನಿಂದ ಮುಖ ಒರೆಸಿಕೊಂಡ. ಮಲಗಿಸಿ ಕಟ್ಟಿದ ಕಲ್ಲು ಕಂಬ ಮುಂದಕ್ಕೆ ಹೇಗೆ ಬಗ್ಗುತ್ತದೆ ಎಂದು ನನಗೆ ಮಧ್ಯಾಹ್ನವಿಡೀ ಅದೇ ಯೋಚನೆ.

ಈ ಸಲ ರಫೀಕನೇ ಕಂಪ್ಯೂಟರು ನೋಡಿ ಆರಿಸಿದ. ಎಳೆಯುವ ಗಾಡಿಗೆ ಎಂದು ಅದರಲ್ಲಿ ಬರೆದಿದ್ದ, ಬಿಗಿಯಾದ ಕವರಿನ ದಪ್ಪ ಪ್ಲೇಟು. ಪೆಡಲು ತುಳಿಯಲು ಎರಡು ಕಾಲು ಬೇಕು, ಅಷ್ಟು ಗಟ್ಟಿ. ಅದೂ ಒಂದು ತಿಂಗಳಿಗೆ ಸುಟ್ಟಿತು. ಅಷ್ಟರಲ್ಲಿ ಗೋವಿಂದಪ್ಪ, ಪಾಪ, ಬಸ್ ನಿಲ್ದಾಣದ ಹೋಟೆಲಿನಲ್ಲಿ ಕೂತು ನಮ್ಮ ಅಂಗಡಿಯ ಮಾಲೇ ಸರಿಯಿಲ್ಲ ಎಂದು ನಾಲ್ಕು ಜನರಿಗೆ ಹೇಳಿದ್ದ. ಅದು ರಫೀಕನ ಕಿವಿಗೆ ಬಿತ್ತು. ಬಂದವನೇ ಹೇಳಿದ: "ರತ್ನಮ್ಮೋರೇ, ಇನ್ನೊಂದು ಸಲ ಕೊಡಿ. ಈ ಗಾಡಿ ಮತ್ತೆ ವಾಪಸ್ ಬಂದ್ರೆ ನೀವು ಒಳಗೆ ರಿವಿಟ್ಟಿಗೆ ಹೋಗಿ. ಕೌಂಟರಿಗೆ ಬೇರೆಯವ್ರನ್ನ ನೋಡಿದೀನಿ."

ರಿವಿಟ್ಟಿನ ಕೆಲಸ ಆಗ ವಾರಕ್ಕೆ ಒಂದೂ ಬರುತ್ತಿರಲಿಲ್ಲ. ಒಳಗೆ ಹೋಗು ಎಂದರೆ ಮನೆಗೆ ಹೋಗು ಎಂದೇ. ನಿಮ್ಮಪ್ಪ ಆಗ ಡಿಪ್ಲೊಮಾ ಎರಡನೇ ವರ್ಷದಲ್ಲಿದ್ದ. ಅಷ್ಟೇ ಅಲ್ಲ, ಇದನ್ನು ಯಾರಿಗೂ ಹೇಳಿಲ್ಲ, ಆ ಕೌಂಟರು ನನಗೆ ಇಷ್ಟವಾಗಿಬಿಟ್ಟಿತ್ತು. ಗಂಡಸರು ಸುಟ್ಟ ಪ್ಲೇಟು ತಂದಿಟ್ಟು, ನಾನೇನು ಹೇಳುತ್ತೇನೋ ಎಂದು ಕೈಕಟ್ಟಿ ನಿಲ್ಲುವ ಜಾಗ ಲೋಕದಲ್ಲಿ ನನಗೆ ಅದೊಂದೇ.

ಮಾರನೆಯ ದಿನ ಮಂಜಣ್ಣ ಬಂದ. ಗೋವಿಂದಪ್ಪನ ಗಾಡಿ ಬಿಚ್ಚಿದ ಮೆಕ್ಯಾನಿಕ್. ಪ್ಲೇಟು, ಕವರು ಎರಡನ್ನೂ ಗೋಣಿಯಲ್ಲಿ ತಂದು ಕೌಂಟರಿನ ಮೇಲೆ ಸುರಿದ. ಸಾಬರೂ ಅಂದು ಬಂದು ಕುರ್ಚಿಯಲ್ಲಿ ಕೂತಿದ್ದರು. ಶಿಡ್ಲಘಟ್ಟ ಕಡೆಯ ರೇಷ್ಮೆ ರೈತರಿಬ್ಬರು ಬೆಂಚಿನ ಮೇಲಿದ್ದರು. ಗೋವಿಂದಪ್ಪನ ಗಾಡಿಗೇ ಗೂಡು ಹಾಕುವವರು. ಅವರ ಮುಂದೆಯೇ ನಾನು ಕವರನ್ನು ಮಗುಚಿ ತಟ್ಟಿದೆ. ಕಪ್ಪು ಧೂಳಿನ ಜೊತೆ ಏನೋ ಉದುರಿತು. ಬೆರಳಲ್ಲಿ ಒತ್ತಿದರೆ ಪುಡಿಯಾಯಿತು. ಪುರಿ. ಕರಕಲಾದ ಕಡಲೆಪುರಿ, ಏಳೆಂಟು ಕಾಳು. ಅದರ ಜೊತೆ ಸುರುಟಿಕೊಂಡ ಚೆಂಡುಹೂವಿನ ಎಸಳು.

ಚಿಕ್ಕಬಳ್ಳಾಪುರ ಸೀಮೆಯಲ್ಲಿ ಗಾಡಿಯೊಳಗೆ ಚೆಂಡುಹೂವು ಸಿಕ್ಕರೆ ಅದೇನೂ ಸುದ್ದಿಯಲ್ಲ. ಎಲ್ಲರೂ ಹೂವು ತುಂಬುವವರೇ. ಆದರೆ ಪುರಿಯೂ ಹೂವೂ ಒಟ್ಟಿಗೆ ರಸ್ತೆಯ ಮೇಲೆ ಬೀಳುವುದು ಒಂದೇ ಸಂದರ್ಭದಲ್ಲಿ. ಹೆಣದ ಮುಂದೆ ಎರಚಿದಾಗ. ನನಗೆ ಎಲ್ಲವೂ ಒಂದೇ ಸಲಕ್ಕೆ ಹೊಳೆಯಿತು. ಬಿಗಿಯಾಗಿಯೇ ಇದ್ದ ಸ್ಪ್ರಿಂಗು, ಇದ್ದಿಲಾದ ಲೈನಿಂಗು, ಮುಂದಕ್ಕೆ ಬಗ್ಗುವ ಕಲ್ಲು. ಇವನು ಭಾರ ಎಳೆಯುತ್ತಿಲ್ಲ. ನಡೆಯುವ ಜನರ ಹಿಂದೆ, ಅವರ ಹೆಜ್ಜೆಯ ವೇಗದಲ್ಲಿ, ಮೈಲಿಗಟ್ಟಲೆ ಅರ್ಧ ಕ್ಲಚ್ಚಿನಲ್ಲಿ ತೆವಳುತ್ತಿದ್ದಾನೆ. ಹಿಂದಿನ ಟ್ರಾಲಿಯಲ್ಲಿರುವುದು ಹೂವಿನ ಪಲ್ಲಕ್ಕಿ. ಅದರಲ್ಲಿ ಕೂತಿರುವುದು ಹೆಣ.

ಬಾಯಿಗೆ ಬಂದಿತ್ತು. ಹೇಳಿದ್ದರೆ ರಫೀಕನ ಮುಂದೆ ನನ್ನ ತಪ್ಪಿಲ್ಲವೆಂದು ಅಲ್ಲೇ ತೀರ್ಮಾನವಾಗುತ್ತಿತ್ತು, ಕೌಂಟರು ಉಳಿಯುತ್ತಿತ್ತು. ಆದರೆ ಬೆಂಚಿನ ಮೇಲೆ ಆ ಇಬ್ಬರು ಕೂತಿದ್ದರು. ರೇಷ್ಮೆ ಸಾಕುವವರ ಮೈಲಿಗೆ ನಿಮಗೆ ಗೊತ್ತಿಲ್ಲ. ಸಾವಿನ ಮನೆಗೆ ಹೋದವರು ತಲೆಗೆ ನೀರು ಹಾಕಿಕೊಳ್ಳದೆ ಹುಳುಮನೆಯ ಬಾಗಿಲು ದಾಟುವಂತಿಲ್ಲ. ಹುಳುವಿಗೆ ರೋಗ ಬಂದರೆ ಡಾಕ್ಟರನ್ನು ಕರೆಯುವ ಮೊದಲು, ಬಾಗಿಲಿಗೆ ಯಾರು ಬಂದಿದ್ದರು ಎಂದು ವಿಚಾರಣೆ ನಡೆಯುತ್ತದೆ. ನಿಮ್ಮ ತಾತ ಹೋದ ವರ್ಷ ನಮ್ಮ ಚಿಕ್ಕಮ್ಮನ ಮನೆಯಲ್ಲಿ ಹುಳು ಹಣ್ಣಾಗಿ ಗೂಡು ಕಟ್ಟುವ ಹೊತ್ತಾಗಿತ್ತು. ಹುಳು ಬಿಡುವ ಬಿದಿರಿನ ಚಂದ್ರಿಕೆಯ ಹತ್ತಿರಕ್ಕೂ ನನ್ನನ್ನು ಸೇರಿಸಲಿಲ್ಲ. "ನೀನು ಹೊರಗಡೆ ಸೊಪ್ಪು ಕೊಯ್ಯಮ್ಮ" ಎಂದರು. ಕೊಯ್ದೆ. ಹೆಣ ಎಳೆದ ಗಾಡಿ ಎಂದು ತಿಳಿದರೆ ಗೋವಿಂದಪ್ಪನಿಗೆ ಒಂದು ಮೂಟೆ ಗೂಡೂ ಸಿಗುತ್ತಿರಲಿಲ್ಲ.

"ಏನದು?" ಎಂದು ರಫೀಕ್ ಬಗ್ಗಿದ.

"ಪುರಿ" ಎಂದೆ.

ಬೆಂಚಿನ ಮೇಲಿದ್ದವರು ತಲೆ ಎತ್ತಿದರು.

"ಮಂಜಣ್ಣ ಕೆಲಸ ಮಾಡ್ತಾ ಪುರಿ ತಿಂತಾನೆ. ಉದುರಿಸಿದಾನೆ."

ಮಂಜಣ್ಣನ ಬಾಯಿ ತೆರೆದೇ ಉಳಿಯಿತು. "ನಾನಾ? ಅಕ್ಕ, ನಂಗೆ ಪುರಿ ಅಂದ್ರೆ ಆಗಲ್ಲ, ಗ್ಯಾಸು" ಎಂದ. ಎಲ್ಲರೂ ನಕ್ಕರು. ಅಂದಿನಿಂದ ಆ ಬೀದಿಯಲ್ಲಿ ಅವನಿಗೆ ಪುರಿ ಮಂಜ ಎಂದೇ ಹೆಸರಾಯಿತು. ಅವನ ಮಗಳ ಮದುವೆಗೆ ಯಾರೋ ಒಂದು ಚೀಲ ಪುರಿ ಉಡುಗೊರೆ ಕೊಟ್ಟರಂತೆ. ಆ ಪಾಪ ನನ್ನದು. ಇಷ್ಟರಲ್ಲೇ ಅವನಿಗೂ ಇದನ್ನು ಓದಲು ಕೊಡುತ್ತೇನೆ.

ಗೋವಿಂದಪ್ಪನಿಗೆ ಶುಕ್ರವಾರ ಮಧ್ಯಾಹ್ನ ಬಾ ಎಂದು ಮಂಜಣ್ಣನ ಕೈಯಲ್ಲೇ ಹೇಳಿಕಳಿಸಿದೆ. ಸಾಬರೂ ಮಗನೂ ನಮಾಜಿಗೆ ಹೋಗುವ ಆ ಒಂದು ಗಂಟೆ ಅಂಗಡಿಯಲ್ಲಿ ನಾನೊಬ್ಬಳೇ ಇರುವುದು. ಅವನು ಬಂದ. ನಾನು ಒಂದು ಕಾಗದದ ಮೇಲೆ ಆ ಕರಕಲು ಪುರಿ ಇಟ್ಟು ಮುಂದೆ ತಳ್ಳಿದೆ.

ಅವನು ನೋಡಿದ. ಸ್ಟೂಲು ಎಳೆದುಕೊಂಡು ಕೂತ.

"ಯಾರ್ಯಾರಿಗೆ ಗೊತ್ತಕ್ಕ?"

"ನನಗೆ. ಪುರಿಗೆ."

ಆಮೇಲೆ ಎಲ್ಲ ಹೇಳಿದ. ಅವನ ತಂದೆ ಹೋದಾಗ ಯಾವ ಗಾಡಿಯವನೂ ಬರಲಿಲ್ಲವಂತೆ. ತನ್ನದಕ್ಕೇ ಟ್ರಾಲಿ ಕಟ್ಟಿ, ಹೂವು ಹಾಕಿ ಒಯ್ದನಂತೆ. ಅದನ್ನು ನೋಡಿದವರು ಚಂದ ಇತ್ತು ಎಂದು ತಮ್ಮ ಮನೆಯ ಸಾವಿಗೂ ಕರೆದರು. ದೂರದೂರದ ಊರಿಗೆ ಮಾತ್ರ ಹೋಗುತ್ತಾನೆ. ಗಾಡಿಯ ನಂಬರಿಗೆ ಹೂವಿನ ಹಾರ ಹಾಕಿ ಮುಚ್ಚುತ್ತಾನೆ. ಟ್ರಾಲಿಯನ್ನು ನೀಲಗಿರಿ ತೋಪಿನಲ್ಲಿ ಟಾರ್ಪಾಲು ಹೊದಿಸಿ ಬಚ್ಚಿಟ್ಟಿದ್ದಾನೆ.

"ಬಿಟ್ಬಿಡ್ಬೋದಲ್ಲಪ್ಪ" ಎಂದೆ.

"ಹೆಂಗಕ್ಕ ಬಿಡೋದು? ಹುಳು ಬೆಳೆ ಒಂದು ಸಲ ಕೆಡುತ್ತೆ, ಒಂದು ಸಲ ಆಗುತ್ತೆ. ಸಾವು ಯಾವತ್ತಾದ್ರೂ ಕೆಟ್ಟಿದ್ದುಂಟಾ?"

ಬಿಲ್ಲೆ ಪ್ಲೇಟಿನ ಕಥೆಯನ್ನೂ ಆಗಲೇ ಹೇಳಿದ. ಅವನು ಹೋಗಿದ್ದ ಊರಿನಲ್ಲಿ ದೊಡ್ಡ ಮನುಷ್ಯರೊಬ್ಬರು ತೀರಿಕೊಂಡಿದ್ದರು. ಬದುಕಿದ್ದಾಗ ಯಾರಿಗೂ ಕೈಮುಗಿದವರಲ್ಲ. ಎದುರಿಗೆ ಬಂದವರು ನಮಸ್ಕಾರ ಅಂದರೆ ಮೂಗಿನಲ್ಲೇ ಹೂಂ ಅನ್ನುತ್ತಿದ್ದವರು. ಅಂಥವರನ್ನು ಪಲ್ಲಕ್ಕಿಯಲ್ಲಿ ಕೂರಿಸಿ, ಪೇಟ ಸುತ್ತಿ, ಬೆನ್ನಿಗೆ ಹಲಗೆ ಕಟ್ಟಿ ಹೊರಟರು. ಇವನು ಪ್ರತಿ ಸಲ ಕ್ಲಚ್ಚು ಬಿಟ್ಟಾಗಲೂ ಗಾಡಿ ಎಗರುವುದು, ಟ್ರಾಲಿ ಹಿಂದೆಮುಂದೆ ಆಡುವುದು. ಕಟ್ಟು ಸಡಿಲಾಗಿ ಯಜಮಾನರು ಮುಂದಕ್ಕೆ ಬಗ್ಗಿ ಬಗ್ಗಿ, ಇಡೀ ಬೀದಿಗೆ, ಎಡಕ್ಕೂ ಬಲಕ್ಕೂ, ಮನೆಮನೆಗೆ ವಂದಿಸುತ್ತಾ ಹೋದರು. "ಅಕ್ಕ, ಜನ ಅಳೋದು ಬಿಟ್ಟು ವಾಪಸ್ ಕೈಮುಗಿಯೋಕೆ ಶುರು ಮಾಡಿದ್ರು. ಅವರ ಹೆಂಡ್ತಿ ಒಬ್ರೇ ಧೈರ್ಯವಾಗಿ ಹೇಳಿದ್ರು, ಈಗಲಾದ್ರೂ ಬುದ್ಧಿ ಬಂತು ಬಿಡಿ ಅಂತ."

ನನಗೆ ನಗು ತಡೆಯಲಾಗಲಿಲ್ಲ. ಬಾಯಿಗೆ ಸೆರಗು ತುರುಕಿಕೊಂಡೆ. ಅವನೂ ನಕ್ಕ. ನಕ್ಕು ಮುಗಿದ ಮೇಲೆ ಅವನ ಮುಖದಲ್ಲಿ ಭಯ ಮತ್ತೆ ಬಂತು. "ಈಗ ಏನು ಮಾಡೋಣಕ್ಕ? ನಿಮ್ ಅಂಗಡೀಲೂ ನಿಮ್ಗೆ ತೊಂದ್ರೆ ಅಂತ ಮಂಜಣ್ಣ ಹೇಳ್ದ" ಎಂದ.

ಸಿಂಧು, ಇಲ್ಲಿ ಗಮನವಿಟ್ಟು ಓದು. ಎಳೆಯುವ ಗಾಡಿ ಎಂದ ಕೂಡಲೇ ಎಲ್ಲರೂ ಎಲ್ಲಕ್ಕಿಂತ ಗಟ್ಟಿಯಾದ ಕ್ಲಚ್ಚು ಹುಡುಕುತ್ತಾರೆ. ಏನನ್ನು ಎಳೆಯುತ್ತೀರಿ ಎಂದು ಕೇಳುತ್ತಾರೆ, ಯಾವ ವೇಗದಲ್ಲಿ, ಎಷ್ಟು ಸಲ ನಿಂತು ಹೊರಡುತ್ತೀರಿ ಎಂದು ಕೇಳುವುದಿಲ್ಲ. ನಿಜವಾಗಿ ಕಲ್ಲು ಎಳೆಯುವವನಿಗೆ ಬಿಗಿ ಕವರು ಕೊಡು, ತಪ್ಪಿಲ್ಲ. ತೆವಳುವವನಿಗೆ ಮೆತ್ತಗೆ ಹಿಡಿಯುವುದೇ ಬೇಕು. ಗೋವಿಂದಪ್ಪನಿಗೆ ನಾನು ಬರೆದುಕೊಟ್ಟದ್ದು ಇಷ್ಟು: ಗಾಡಿ ಹೊಸದರಲ್ಲಿ ಬಂದಿತ್ತಲ್ಲ, ಅದೇ ಅಳತೆಯ ಮಾಮೂಲಿ ಲೈನಿಂಗಿನ ಪ್ಲೇಟು. ಅದೇ ಮಾಮೂಲಿ ಕವರು. ಹೊಸ ಬೇರಿಂಗು. ನೀಲಿಗಟ್ಟಿದ ಫ್ಲೈವೀಲನ್ನು ಲೇತಿನಲ್ಲಿ ತೆಳ್ಳಗೆ ಸವರಿಸುವುದು. ಅದನ್ನು ಮಾಡದೆ ಹೊಸ ಪ್ಲೇಟು ಹಾಕಿದರೆ ಹಳಸಿದ ಅನ್ನಕ್ಕೆ ಬಿಸಿ ಸಾರು ಹಾಕಿದಂತೆ. ಪೆಡಲಿನಲ್ಲಿ ಎರಡು ಬೆರಳಿನಷ್ಟು ಸಡಿಲ. ಕೊನೆಯದು, ಕ್ಲಚ್ಚಿನ ಡಬ್ಬಿಯ ತೂತಿಗೆ, ಹರಿದುಹೋಗಿದ್ದರ ಬದಲು ಹೊಸ ರಬ್ಬರು ಮುಚ್ಚಳ. ಪುರಿ ಒಳಗೆ ಬಂದ ದಾರಿ ಅದು.

ಇಷ್ಟೇ ಆದರೆ ಮತ್ತೆ ಒಂದೂವರೆ ತಿಂಗಳಿಗೆ ಸುಡುತ್ತದೆ. ಅದಕ್ಕೇ ಬಾಯಲ್ಲೂ ಹೇಳಿದೆ. ಒಂದನೇ ಗೇರಿನಲ್ಲಿ ಕಾಲು ಪೂರ್ತಿ ತೆಗೆ. ಗಾಡಿ ತಾನಾಗಿ ಹೋಗಲಿ. ಮುಂದೆ ನಡೆಯುವ ಜನರಿಗೆ ತೀರಾ ಹತ್ತಿರವಾಗುತ್ತದೆ ಅನಿಸಿದರೆ ಗೇರು ತೆಗೆದು ನಿಲ್ಲಿಸು, ಅವರು ಐವತ್ತು ಹೆಜ್ಜೆ ನಡೆಯಲಿ, ಆಮೇಲೆ ಹೊರಡು. ಅರ್ಧ ಕ್ಲಚ್ಚಿನಲ್ಲಿ ಒಂದು ಮಾರೂ ಬೇಡ.

"ಜನ ಇನ್ನೂ ನಿಧಾನ ಅಕ್ಕ. ಹೆಜ್ಜೆಗೊಂದು ಸಲ ನಿಂತು ಅಳ್ತಾರೆ."

"ಹೆಜ್ಜೆ ಹಾಕಿಸೋರು ಯಾರು?"

"ತಮಟೆಯವ್ರು. ಅವರು ಹೆಂಗೆ ಹೊಡೀತಾರೋ ಹಂಗೆ ನಡೆಯೋದು."

"ಹಂಗಾದ್ರೆ ಅವರ ಯಜಮಾನರ ಹತ್ರ ಮಾತಾಡು. ಒಂದಿಷ್ಟು ಬೇಗ ಹೊಡೀಲಿ."

ಗೋವಿಂದಪ್ಪ ಯೋಚಿಸಿದ. "ಸತ್ತೋರನ್ನ ಓಡಿಸ್ಕೊಂಡು ಹೋದಂಗಾಗಲ್ವಾ ಅಕ್ಕ?"

"ಅವರದೇನೂ ಆಕ್ಷೇಪಣೆ ಇರಲ್ಲ" ಎಂದೆ. ಇಪ್ಪತ್ತಾರು ವರ್ಷದಲ್ಲಿ ಗಿರಾಕಿಯೊಡನೆ ನಾನು ಆಡಿದ ಅತಿ ಉದ್ದದ ಮಾತುಕತೆ ಅದೇ ಇರಬೇಕು.

ನಮಾಜು ಮುಗಿಸಿ ಬಂದ ರಫೀಕ್ ನಾನು ಬರೆದ ಚೀಟಿ ನೋಡಿ ತಲೆ ಚಚ್ಚಿಕೊಂಡ. ಮೊದಲು ಸುಟ್ಟ ಮಾಮೂಲಿ ಪ್ಲೇಟನ್ನೇ ಮತ್ತೆ ಕೊಡುತ್ತೀರಾ, ಎಳೆಯುವ ಗಾಡಿಗೆ ಇದು ಬೇಡ ಎಂದು ಕಂಪ್ಯೂಟರೇ ಹೇಳುತ್ತಿದೆ ಎಂದ. ಕಾರಣ ಕೇಳಿದ. ಕಾರಣ ಹೇಳುವಂತಿರಲಿಲ್ಲ. ನಾನು ಕೌಂಟರಿನ ಅಂಚು ಹಿಡಿದುಕೊಂಡು, "ಇದೇ ಹಾಕ್ಬೇಕು" ಎಂದೆ. ಬಾಷಾ ಸಾಬರು ಕುರ್ಚಿಯಿಂದ ಕೇಳಿದರು: "ಭರೋಸಾ ಇದೆಯಾಮ್ಮ?" ಇದೆ ಎಂದೆ. "ಸುಟ್ಟರೆ?" ಎಂದ ರಫೀಕ್. "ನಾನೇ ಸ್ಟೂಲು ಎತ್ತಿಕೊಂಡು ಒಳಗೆ ಹೋಗ್ತೀನಿ" ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

ಒಂದು ತಿಂಗಳಾಯಿತು. ಎರಡಾಯಿತು. ಅಂಗಡಿಯ ಮುಂದೆ ಯಾವ ಪಿಕಪ್ಪು ನಿಂತರೂ ನಾನು ಮೊದಲು ಅದರ ನಂಬರು ನೋಡುತ್ತಿದ್ದೆ. ಗೋವಿಂದಪ್ಪ ಬರಲಿಲ್ಲ. ಒಮ್ಮೆ ನಾನೇ ಬಸ್ಸಿನಲ್ಲಿ ಅಲೀಪುರದ ದಾರಿಯಲ್ಲಿ ಹೋಗುತ್ತಿದ್ದಾಗ, ಎದುರಿಗೆ ಒಂದು ಶವಯಾತ್ರೆ ಬಂತು. ಬಸ್ಸು ಪಕ್ಕಕ್ಕೆ ನಿಂತಿತು. ತಮಟೆಯವರು ಜೋರು ಹೆಜ್ಜೆ ಹಾಕಿಸುತ್ತಿದ್ದರು. ಹಿಂದಿನಿಂದ ಬೀಗರು ಏದುಸಿರು ಬಿಡುತ್ತಾ ಬರುತ್ತಿದ್ದರು. ನಂಬರಿಗೆ ಹಾರ ಹಾಕಿದ ಪಿಕಪ್ಪು ನೀರು ಹರಿದಂತೆ ಬಂತು. ಪಲ್ಲಕ್ಕಿಯಲ್ಲಿ ಕೂತಿದ್ದ ಅಜ್ಜಿ ಒಂದಿಷ್ಟೂ ಅಲುಗದೆ, ಯಾರಿಗೂ ತಲೆಬಾಗದೆ, ಮಹಾರಾಣಿಯ ಹಾಗೆ ಹೋದರು. ಬಸ್ಸಿನವರೆಲ್ಲ ಕೈಮುಗಿದರು. ನಾನು ಮಾತ್ರ ಕಿಟಕಿಯಿಂದ ತಲೆ ಹೊರಗೆ ಹಾಕಿ ಮೂಸಿ ನೋಡಿದೆ. ಸುಟ್ಟ ವಾಸನೆ ಇರಲಿಲ್ಲ.

ಎರಡು ವರ್ಷದ ಮೇಲೆ ಅವನು ಬಂದ, ಹಳೇ ಪ್ಲೇಟು ಹಿಡಿದುಕೊಂಡು. ರಿವಿಟ್ಟಿನ ತನಕ ಎರಡೂ ಮುಖ ಒಂದೇ ಸಮ ಸವೆದಿತ್ತು. ಎಲ್ಲಿಯೂ ನೀಲಿ ಇಲ್ಲ, ಕರಕಲಿಲ್ಲ. ರಫೀಕ್ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. "ಕಲ್ಲು ಎಳೆದೂ ಇಷ್ಟು ಬಾಳಿಕೆ ಬಂತಾ?" ಎಂದ. "ಕಲ್ಲು ಈಗ ಹಗುರಾಗಿದೆ ಅಣ್ಣ" ಎಂದ ಗೋವಿಂದಪ್ಪ, ನನ್ನ ಕಡೆ ನೋಡದೆ. ಅದಾದ ಮೇಲೆ ರಫೀಕ್ ಪ್ಲೇಟು ಬಂದರೆ ಮೊದಲು ನನ್ನ ಮೂಗಿನ ಹತ್ತಿರ ತರುತ್ತಿದ್ದ, ಆಮೇಲೆ ಕಂಪ್ಯೂಟರಿನ ಹತ್ತಿರ. ಕೌಂಟರಿಗೆ ಬೇರೆಯವರು ಬರಲಿಲ್ಲ. ಬಂದದ್ದು ನಾನು ಬಿಟ್ಟ ಮೇಲೆಯೇ.

ಬಿಡುವ ದಿನ ಬಾಷಾ ಸಾಬರು ಕೋಲೂರಿಕೊಂಡು ಮೆಟ್ಟಿಲ ತನಕ ಬಂದರು. "ರತ್ನಮ್ಮ, ಒಂದು ಮಾತು" ಎಂದರು. "ಮಂಜಣ್ಣನಿಗೆ ಪುರಿ ಆಗಲ್ಲ ಅಂತ ನನಗೆ ಮೊದಲಿಂದ ಗೊತ್ತಿತ್ತು." ಅಷ್ಟು ಹೇಳಿ ಬೀದಿಯ ಕಡೆ ನೋಡುತ್ತಾ ನಿಂತರು.

ಈಗ ಗೋವಿಂದಪ್ಪನ ಗುಟ್ಟು ಗುಟ್ಟಾಗಿ ಉಳಿದಿಲ್ಲ, ಅದಕ್ಕೇ ಬರೆದೆ. ಟ್ರಾಲಿಯ ಮೇಲೆ ದೊಡ್ಡದಾಗಿ ಫೋನ್ ನಂಬರು ಬರೆಸಿದ್ದಾನೆ. ಗೂಡಿಗೆ ಬೇರೆ ಗಾಡಿ ತೆಗೆದುಕೊಂಡಿದ್ದಾನೆ. ಅದೇ ಪಿಕಪ್ಪಿನಲ್ಲಿ ಅಷ್ಟು ವರ್ಷ ಗೂಡು ಹೋಯಿತಲ್ಲ, ಅದರಿಂದ ಯಾರ ಮನೆಯ ಹುಳುವೂ ಸಾಯಲಿಲ್ಲ. ಆ ಗೂಡಿನ ನೂಲಿನಲ್ಲಿ ಎಷ್ಟು ಧಾರೆ ಸೀರೆಗಳಾದವೋ. ಬೆಂಚಿನ ಮೇಲೆ ಕೂತಿದ್ದ ರೈತರಲ್ಲಿ ಒಬ್ಬರು ಹೋದ ವರ್ಷ ತೀರಿಕೊಂಡಾಗ, ಅವರನ್ನು ಒಯ್ದದ್ದೂ ಗೋವಿಂದಪ್ಪನೇ. ಮೆತ್ತಗೆ ಒಯ್ದನಂತೆ.

ಎರಡು ವರ್ಷ ಬಾಳಿದ ಆ ಪ್ಲೇಟನ್ನು ಸಾಬರನ್ನು ಕೇಳಿ ನಾನು ಮನೆಗೆ ತಂದೆ. ಉಳಿದ ಲೈನಿಂಗು ಕಿತ್ತು, ಸೀಮೆಎಣ್ಣೆಯಲ್ಲಿ ಎರಡು ಸಲ, ಸೀಗೆಪುಡಿಯಲ್ಲಿ ಒಂದು ಸಲ ತೊಳೆದೆ. ಅಡುಗೆಮನೆಯಲ್ಲಿ ನೀವು ಸಾರಿನ ಪಾತ್ರೆ ಇಡುವ ಕಪ್ಪು ಚಕ್ರ ಅದೇ. ಸಿಂಧು, ನಿನ್ನ ನಾಮಕರಣದ ಪಾಯಸವನ್ನು ಅದರ ಮೇಲೆಯೇ ಇಳಿಸಿದ್ದು. ನಿನ್ನ ಚಿಕ್ಕಪ್ಪನ ಗೃಹಪ್ರವೇಶದಲ್ಲಿ ಹಾಲು ಉಕ್ಕಿಸಿದ ಪಾತ್ರೆ ಕೂತದ್ದೂ ಅದರ ಮೇಲೆಯೇ, ಪುರೋಹಿತರು ಅದಕ್ಕೂ ಕುಂಕುಮ ಹಚ್ಚಿದರು. ಇದನ್ನು ಓದಿದ ಮೇಲೆ ನಿಮ್ಮಮ್ಮ ಅದನ್ನು ಎಸೆಯಬೇಕು ಅಂದರೆ ಎಸೆಯಲಿ. ಆದರೆ ಕುದಿಯುವ ಸಾರನ್ನು ಕೈಯಲ್ಲಿ ಹಿಡಿದುಕೊಂಡು ಮಾತ್ರ ಆ ತೀರ್ಮಾನ ಮಾಡಬೇಡಿ ಎಂದು ಹೇಳು.